ಕೆಂಪು ನೆಲ ಮತ್ತು ಅತ್ತೆಯ ಕಿವಿ

ಚನ್ನಪಟ್ಟಣದಲ್ಲಿರುವ ನನ್ನ ತಮ್ಮ ಹೋದ ವರ್ಷ ಮನೆಯ ಮೇಲೊಂದು ಕೋಣೆ ಕಟ್ಟಿಸಿದ. ಮಲಗುವುದಕ್ಕಲ್ಲ, ಸಾಮಾನು ತುಂಬುವುದಕ್ಕೂ ಅಲ್ಲ, ಹಾಡು ಕೇಳುವುದಕ್ಕೆ. ನಿವೃತ್ತಿಯಾದ ಮೇಲೆ ಮನುಷ್ಯರಿಗೆ ಏನೇನು ಹುಚ್ಚು ಹಿಡಿಯುತ್ತದೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ, ಬಾಯಿ ಬಿಡಲಿಲ್ಲ. ಎದೆಯೆತ್ತರದ ಎರಡು ಸ್ಪೀಕರು ತರಿಸಿದ. ನೆಲಕ್ಕೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ. ಆಮೇಲೆ ಒಂದು ದಿನ ಫೋನು ಮಾಡಿ, "ಅಕ್ಕ, ಅಂಗಡೀಲಿ ಕೇಳ್ದಾಗ ಎಷ್ಟು ಚೆನ್ನಾಗಿತ್ತು, ಇಲ್ಲಿ ಬರೀ ಗದ್ದಲ. ಹಾಡೋರು ಏನು ಹಾಡ್ತಾವ್ರೆ ಅಂತಾನೇ ತಿಳೀತಿಲ್ಲ. ಮೋಸ ಹೋದೆ," ಎಂದು ಗೋಳಾಡಿದ.

"ಸ್ಪೀಕರ್ ನೆಟ್ಟಗೈತೆ ಕಣೋ. ನೆಲಕ್ಕೆ ದಪ್ಪನೆ ಜಮಖಾನ ಹಾಸು," ಎಂದೆ.

ಎರಡು ದಿನ ಬಿಟ್ಟು ಮತ್ತೆ ಫೋನು. ಈ ಸಲ ದನಿಯಲ್ಲಿ ಹಬ್ಬ. ಜಮಖಾನ ಹಾಸಿದ ಮೇಲೆ ಎಲ್ಲ ಸರಿಹೋಯಿತಂತೆ. ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದ. ನಮ್ಮತ್ತೆ ಎಂದೆ. ಅವನು ನಕ್ಕ. ನಮ್ಮತ್ತೆ ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸು, ಅವರಿಗೂ ಸ್ಪೀಕರಿಗೂ ಏನು ಸಂಬಂಧ ಎಂಬುದು ಅವನ ನಗುವಿನ ಅರ್ಥ. ಫೋನಿನಲ್ಲಿ ಹೇಳಿ ಮುಗಿಯುವ ಕತೆಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೈಲಾಂಚದ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಾಗ ರೇಷ್ಮೆಗೆ ಒಳ್ಳೆಯ ಕಾಲ. ಬಾವಿ ಇದ್ದವರೆಲ್ಲ ರಾಗಿ ಹೊಲವನ್ನು ಹಿಪ್ಪುನೇರಳೆ ತೋಟ ಮಾಡಿಕೊಳ್ಳುತ್ತಿದ್ದರು. ಬೆಳಗಿನ ಬಸ್ಸಿನಲ್ಲಿ ಮನುಷ್ಯರಿಗಿಂತ ಗೂಡಿನ ಮೂಟೆಗಳಿಗೇ ಮರ್ಯಾದೆ ಹೆಚ್ಚು. "ಒಸಿ ಸರೀರಮ್ಮ, ಗೂಡು ಅಮುಕೋಯ್ತದೆ" ಎಂದು ಕಂಡಕ್ಟರು ಬಸುರಿ ಹೆಂಗಸರನ್ನೂ ಎಬ್ಬಿಸುತ್ತಿದ್ದ, ಅವರೂ ಬೇಸರವಿಲ್ಲದೆ ಏಳುತ್ತಿದ್ದರು.

ಹುಳುವಿಗೆಂದೇ ಬೇರೆ ಮನೆ ಕಟ್ಟುವ ರೂಢಿ ಆಗಿನ್ನೂ ನಮ್ಮೂರಿಗೆ ಬಂದಿರಲಿಲ್ಲ. ನಡುಮನೆಯೇ ಹುಳುಮನೆ. ಎರಡು ಗೋಡೆಗಳಿಗೆ ಬಿದಿರು ತಟ್ಟೆಗಳ ಸ್ಟ್ಯಾಂಡುಗಳು, ಮೂಲೆಯ ಹಲಗೆಯ ಮೇಲೆ ಮಾವನವರ ರೇಡಿಯೊ, ಮಿಕ್ಕ ಜಾಗದಲ್ಲಿ ನಾವು. ನನ್ನ ಗಂಡ ಸಾತನೂರಿನ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದರು, ಶನಿವಾರ ಬಂದು ಸೋಮವಾರ ಹೋಗುವ ನೆಂಟರ ಹಾಗೆ. ಹಾಗಾಗಿ ವಾರವಿಡೀ ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಮಾವ, ಮೈದುನ, ನಾನು. ಮತ್ತೆ ಲೆಕ್ಕವಿಲ್ಲದಷ್ಟು ಹುಳು.

ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಮಿಸುಕದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಸಾಕುವವರ ಜಾಣತನವೆಲ್ಲ ಇರುವುದು ಈ ಕೂರುವ ಹೊತ್ತನ್ನು ಹಿಡಿಯುವುದರಲ್ಲಿ. ಆಗ ಸೊಪ್ಪು ನಿಲ್ಲಿಸಿ ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಬೇಗ ನಿಲ್ಲಿಸಿದರೆ ಇನ್ನೂ ಹಸಿದಿರುವ ಹುಳು ಸೊರಗುತ್ತವೆ. ತಡವಾದರೆ ಕೂತ ಹುಳುವಿನ ಮೇಲೆ ಹಸಿ ಸೊಪ್ಪು ಬಿದ್ದು, ಅಡಿಯಲ್ಲಿ ಬೆವೆತು, ಕೊಳೆತು ಹೋಗುತ್ತವೆ. ಊರಿನ ಉಳಿದವರು ಒಂದೊಂದೇ ತಟ್ಟೆ ಎಳೆದು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ನಮ್ಮತ್ತೆ ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

ನಡುಮನೆಯ ಮಧ್ಯದಲ್ಲಿ ಮಣೆ ಹಾಕಿಕೊಂಡು, ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಮಾವ ರೇಡಿಯೊ ಆರಿಸುತ್ತಿದ್ದರು. ನಾನು ಒಲೆಯ ಮುಂದೆ ಸೌಟನ್ನು ಅಲ್ಲೇ ಹಿಡಿದು ನಿಲ್ಲುತ್ತಿದ್ದೆ. ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಅತ್ತೆಗೆ ಆ ಮಾತು ಹಿಡಿಸುತ್ತಿರಲಿಲ್ಲ. "ಮಳೆ ಅಂತೆ ಮಳೆ. ಮಳೇಲಿ ಯಾವ ಹನಿ ಬಿದ್ದಿಲ್ಲ ಅಂತ ಹೇಳಾಕಾಯ್ತದಾ? ಇದು ಪಂಕ್ತಿ ಊಟ ಕಣವ್ವ. ಯಾರು ಉಣ್ತಾವ್ರೆ, ಯಾರು ಕೈ ಬುಟ್ಟು ಕುಂತವ್ರೆ ಅಂತ ಬಡಿಸೋಳಿಗೆ ಗೊತ್ತಾಯ್ತದೆ," ಎನ್ನುತ್ತಿದ್ದರು. ಆಮೇಲೆ ಕಣ್ಣು ಬಿಡದೆಯೇ ಕೈ ಚಾಚಿ, "ಬಾಗ್ಲು ಕಡೆ ಸ್ಟ್ಯಾಂಡು, ಕೆಳಗಿಂದ ಎರಡ್ನೇ ತಟ್ಟೆ ಕುಂತೈತೆ. ಅದಕ್ಕೆ ಸೊಪ್ಪು ಬ್ಯಾಡ," ಎನ್ನುತ್ತಿದ್ದರು. ಮೈದುನ ತಟ್ಟೆ ಎಳೆದು ನೋಡಿದರೆ ಹಾಗೇ ಇರುತ್ತಿತ್ತು. ಅಕ್ಕಪಕ್ಕದ ಮನೆಯವರೂ ಒಂದೊಂದು ಸಲ ಬಂದು, "ದೊಡ್ಡವ್ವ, ಒಸಿ ನಮ್ಮನೇಗೆ ಬಂದು ಕಿವಿ ಕೊಟ್ಟು ಹೋಗಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಅಂಥ ದಿನ ಅತ್ತೆಯ ನಡಿಗೆಯೇ ಬೇರೆ.

ಇನ್ನು ನೆಲದ ವಿಷಯ. ನಡುಮನೆಯದು ಮಣ್ಣಿನ ನೆಲ. ವಾರಕ್ಕೆರಡು ಸಲ ಸಗಣಿ ಹಾಕಿ ಸಾರಿಸಬೇಕು, ಅದು ಸೊಸೆಯ ಕೆಲಸ. ಚನ್ನಪಟ್ಟಣದ ನನ್ನ ತವರಿನಲ್ಲಿ ಸಿಮೆಂಟು ನೆಲ. ಪೊರಕೆ ಆಡಿಸಿ ಒದ್ದೆ ಬಟ್ಟೆ ಎಳೆದರೆ ಮುಗಿಯಿತು. ಇಲ್ಲಿ ಮೊಣಕಾಲೂರಿ, ಸೊಂಟ ಬಗ್ಗಿಸಿ, ಮೂಲೆಯಿಂದ ಬಾಗಿಲವರೆಗೆ ಹಿಂದೆ ಹಿಂದೆ ಸರಿಯುತ್ತಾ ಸಾರಿಸಬೇಕು. ಮುಗಿಸುವಷ್ಟರಲ್ಲಿ ಮೈದುನ ಸೊಪ್ಪಿನ ಹೊರೆ ಹೊತ್ತುಕೊಂಡು ಹಸಿ ನೆಲದ ಮೇಲೇ ನಡೆದು ಹೋಗುತ್ತಿದ್ದ. ನನಗೋ ಮೂಗಿನ ತುದಿಯಲ್ಲೇ ಕೋಪ. ಹೊಸ ಸೊಸೆ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಪಾತ್ರೆ ಕುಕ್ಕಿ ಹೇಳುತ್ತಿದ್ದೆ.

ಒಂದು ದಿನ ಹುಳು ನೋಡಲು ಬಂದ ರೇಷ್ಮೆ ಇಲಾಖೆಯ ಸಾಹೇಬರೊಬ್ಬರು, ಮಣ್ಣಿನ ನೆಲಕ್ಕಿಂತ ಗಾರೆ ನೆಲ ಒಳ್ಳೆಯದು, ಔಷಧಿ ಹಾಕಿ ತೊಳೆಯಬಹುದು, ರೋಗ ನಿಲ್ಲುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಅದನ್ನು ಹಿಡಿದುಕೊಂಡ ರೀತಿ ನೋಡಬೇಕಿತ್ತು. ಶನಿವಾರ ಬಂದ ಗಂಡನ ತಲೆ ತಿಂದೆ. ಭಾನುವಾರವೂ ತಿಂದೆ. ಹುಳುವಿನ ಆರೋಗ್ಯದ ಬಗ್ಗೆ ನನಗೆ ಅಷ್ಟೊಂದು ಕಾಳಜಿ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ, ಪುಣ್ಯಾತ್ಮ. ಮಾವನವರಿಗೆ ಇಷ್ಟವಿರಲಿಲ್ಲ. ತಾತನ ಕಾಲದ ನೆಲ ಯಾಕೆ ಅಗೆಯಬೇಕು ಎಂದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಾಕ್ಸಿ ಅತ್ಲಾಗೆ. ಹೆಣ್ಮಗ ಕೇಳ್ತಿರೋದು ಒಂದು ನೆಲ ತಾನೆ," ಎಂದರು. ಮುಗಿಯಿತು.

ಮಾಗಡಿ ಕಡೆಯ ಗಾರೆ ಕೆಲಸದವನು ಬಂದು ಎರಡು ಬೆಳೆಯ ನಡುವಿನ ಬಿಡುವಿನಲ್ಲಿ ಕೆಂಪು ನೆಲ ಹಾಕಿಕೊಟ್ಟ. ಅವನು ಕರಣೆ ಎಳೆದರೆ ನೆಲ ಬೆಣ್ಣೆಯ ಹಾಗೆ ನುಣುಪಾಗುತ್ತಿತ್ತು. ಒಣಗಿದ ದಿನ ಬರಿಗಾಲಲ್ಲಿ ಆ ಕೊನೆಯಿಂದ ಈ ಕೊನೆಗೆ ನಾಲ್ಕೈದು ಸಲ ನಡೆದೆ. ಆಮೇಲೆ ಕಾನೂನು ಮಾಡಿದೆ. ನಡುಮನೆಯಲ್ಲಿದ್ದ ರಾಗಿ ಮೂಟೆಗಳು ಹಿಂದಿನ ಕೋಣೆಗೆ. ಚಾಪೆ, ಕಂಬಳಿ, ಹಳೆ ಗೋಣಿಗಳು ಅಟ್ಟಕ್ಕೆ. ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಬೀಳಕೂಡದು. ಕೊಬ್ಬರಿ ಎಣ್ಣೆ ಬಟ್ಟೆಯಿಂದ ತಿಕ್ಕಿ ತಿಕ್ಕಿ, ತಟ್ಟೆಗಳ ನೆರಳು ನೆಲದಲ್ಲಿ ಕಾಣುವ ಹಾಗೆ ಮಾಡಿದೆ.

ಮೊದಲು ಕೆಟ್ಟದ್ದು ರೇಡಿಯೊ. ಮಾರನೆಯ ದಿನ ಬೆಳಿಗ್ಗೆ ಮಾವ ವಾರ್ತೆ ಹಾಕಿದರೆ, ಓದುವವರು ನೆಲದಡಿ ರಾಗಿ ತುಂಬುವ ಹಗೇವಿನೊಳಗೆ ಇಳಿದು ಅಲ್ಲಿಂದ ಮಾತಾಡಿದ ಹಾಗೆ ಕೇಳಿತು. ಒಂದು ಮಾತಿನ ಬಾಲ ಇನ್ನೊಂದು ಮಾತಿನ ತಲೆಗೆ ಅಂಟಿಕೊಳ್ಳುತ್ತಿತ್ತು. ಮಾವ ಕಿವಿ ಹತ್ತಿರ ಇಟ್ಟರು, ದೂರ ಇಟ್ಟರು, ಮೇಲೆ ಎರಡು ಸಲ ಗುದ್ದಿದರು. "ಇದ್ರ ಗಂಟ್ಲು ಕಟ್ಕಂಡೈತೆ," ಎಂದು ತೀರ್ಮಾನಿಸಿ, ಟವೆಲಿನಲ್ಲಿ ಸುತ್ತಿ ರಾಮನಗರದ ರಿಪೇರಿಯವನ ಹತ್ತಿರ ಒಯ್ದರು. ಅಂಗಡಿಯಲ್ಲಿ ಅದು ಗಿಣಿಯಂತೆ ಮಾತಾಡಿತಂತೆ. ಮನೆಗೆ ತಂದು ಹಾಕಿದರೆ ಮತ್ತೆ ಹಗೇವು. ಎರಡನೇ ಸಲ ಒಯ್ದಾಗ ರಿಪೇರಿಯವನು ಯಾವುದೋ ಒಂದು ಸಾಮಾನು ಬದಲಾಯಿಸಿದ. ಮೂರನೇ ಸಲ ಕೈ ಮುಗಿದು, "ಯಜಮಾನ್ರೇ, ಇದು ನೆಟ್ಟಗೈತೆ. ನಿಮ್ಮೂರ ಗಾಳೀಲಿ ಏನೋ ಐತೆ," ಎಂದನಂತೆ.

ರೇಡಿಯೊ ಕೆಟ್ಟರೆ ಯಾರೂ ಅಳುವುದಿಲ್ಲ. ಹುಳು ಹಾಗಲ್ಲ.

ಹೊಸ ನೆಲದ ಮೇಲೆ ಮೊದಲ ಬೆಳೆ ಮೂರು ಜ್ವರ ದಾಟಿ ನಾಲ್ಕನೆಯದಕ್ಕೆ ಹತ್ತಿರವಾಗಿತ್ತು. ಮಧ್ಯಾಹ್ನ ಅತ್ತೆ ಮಣೆ ಹಾಕಿಕೊಂಡು ಕೂತರು. ಎಂದಿಗಿಂತ ಹೆಚ್ಚು ಹೊತ್ತು ಕೂತರು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಮಣೆಯನ್ನು ಬೇರೆ ಜಾಗಕ್ಕೆ ಎಳೆದರು. ಮಣೆ ಎಳೆದ ಸದ್ದೇ ಗೋಡೆಗೆ ಹೋಗಿ ವಾಪಸ್ ಬಂತು. ಕೊನೆಗೆ, "ಇನ್ನೂ ತಿಂತಾವೆ, ಎಲ್ಲಾ ತಟ್ಟೇಲೂ ತಿಂತಾವೆ. ಸೊಪ್ಪು ಹಾಕಿ," ಎಂದರು. ಹಾಕಿದೆವು. ಸಂಜೆಯೂ ಹಾಕಿದೆವು.

ಮಾರನೆಯ ಬೆಳಿಗ್ಗೆ ತಟ್ಟೆ ಎಳೆದ ಮೈದುನ ನಮ್ಮನ್ನೆಲ್ಲ ಕೂಗಿ ಕರೆದ. ಅರ್ಧಕ್ಕೂ ಹೆಚ್ಚು ತಟ್ಟೆಗಳಲ್ಲಿ ಹುಳು ಯಾವಾಗಲೋ ಜ್ವರಕ್ಕೆ ಕೂತಿದ್ದವು. ಅವುಗಳ ಮೇಲೆ ಎರಡು ಹೊತ್ತಿನ ಹಸಿ ಸೊಪ್ಪು ಹೇರಿದ್ದೆವು. ಸೊಪ್ಪು ತೆಗೆದರೆ ಕೆಳಗೆ ಬಿಸಿ, ನೀರು, ನಾತ. ಎಷ್ಟೋ ತಟ್ಟೆಗಳನ್ನು ತಿಪ್ಪೆಗೆ ಸುರಿದೆವು. ಉಳಿದ ಹುಳು ಕಟ್ಟಿದ ಗೂಡು ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುವಷ್ಟು ತೆಳ್ಳಗಿತ್ತು. ಇಷ್ಟು ವರ್ಷದಲ್ಲಿ ಅತ್ತೆ ಹೀಗೆ ತಪ್ಪಿದ್ದು ಅದೇ ಮೊದಲು.

ತಿಪ್ಪೆಯಿಂದ ಬಂದು ಕೈಕಾಲು ತೊಳೆದುಕೊಂಡು ಎಲ್ಲರೂ ಜಗುಲಿಯಲ್ಲಿ ಕೂತಿದ್ದೆವು. ಮಾವ, "ಹಿಂಗ್ಯಾಕಾಯ್ತು ಅಂತೀನಿ," ಎಂದು ಮೂರು ಸಲ ಕೇಳಿದರು. ಅತ್ತೆ, "ನನ್ ಕಿವಿ ಹೋಯ್ತು," ಎಂದರು. ಮಾವ, "ವಯಸ್ಸಾಯ್ತಲ್ಲ, ಇನ್ನೇನ್ ಮಾಡಾಕಾಯ್ತದೆ," ಎಂದು ಎದ್ದು ಹೋದರು. ಬೈಯಲಿಲ್ಲ. ಬೈದಿದ್ದರೇ ವಾಸಿ ಎನಿಸಿತು.

ಅಂದಿನಿಂದ ಹುಳುಮನೆ ಮೈದುನನ ಕೈಗೆ ಹೋಯಿತು. ಅವನು ಹೊಸ ಕೈಗಡಿಯಾರ ಕಟ್ಟಿಕೊಂಡು ಗಂಟೆ ನೋಡಿ ಸೊಪ್ಪು ಹಾಕುತ್ತಿದ್ದ. ಅತ್ತೆಯ ಮಣೆ ಜಗುಲಿಗೆ ಬಂತು. ಊರಲ್ಲಿ ಸುದ್ದಿ ಹಬ್ಬಿ, ಬಂದವರೆಲ್ಲ ಅತ್ತೆಯ ಮುಖದ ಹತ್ತಿರ ಬಾಯಿ ತಂದು ಕಿರುಚತೊಡಗಿದರು. "ಊಟಾ ಆಯ್ತಾ ದೊಡ್ಡವ್ವಾ" ಎಂದು ಅವರು ಕೂಗಿದರೆ ಕೊಟ್ಟಿಗೆಯ ಎಮ್ಮೆ ಬೆಚ್ಚುತ್ತಿತ್ತು. ಅತ್ತೆ ಸಮಾಧಾನವಾಗಿ ತಲೆಯಾಡಿಸುತ್ತಿದ್ದರು. ಕಿವಿ ಕೊಡಲು ಈಗ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ನಾನೂ ಎಲ್ಲರಂತೆ ಕೂಗಿಯೇ ಮಾತಾಡುತ್ತಿದ್ದೆ. ಒಂದು ದಿನ ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ, ಉಪ್ಪು ಕಡಿಮೆಯಾಯಿತು, ಡಬ್ಬಿಯಲ್ಲಿ ಉಪ್ಪೇ ಇಲ್ಲ ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಸ್ವಲ್ಪ ಹೊತ್ತಿಗೆ ಜಗುಲಿಯಿಂದ ಎದ್ದು ಬಂದ ಅತ್ತೆ, ಅಟ್ಟದ ಮೇಲಿನ ಮಡಕೆಯಿಂದ ಒಂದು ಹಿಡಿ ಉಪ್ಪು ತೆಗೆದು ನನ್ನ ಪಕ್ಕದಲ್ಲಿಟ್ಟು ಹೋದರು. ಕಾಕತಾಳೀಯ ಎಂದುಕೊಂಡು ಸಾರಿಗೆ ಹಾಕಿದೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ!

ಹೀಗೆ ಇನ್ನೂ ಎರಡು ಬೆಳೆ ಕಳೆದವು. ಗಡಿಯಾರದ ಬೆಳೆ ಪೂರ್ತಿ ಕೆಡಲಿಲ್ಲ, ಚೆನ್ನಾಗಿಯೂ ಬರಲಿಲ್ಲ. ಅಷ್ಟರಲ್ಲಿ ತವರಿನಿಂದ ಹಬ್ಬಕ್ಕೆ ಕರೆ ಬಂತು. ಹೊರಟಾಗ ಮಾವ ರೇಡಿಯೊವನ್ನು ನನ್ನ ಮಡಿಲಿಗಿಟ್ಟು, "ನಿಮ್ಮೂರಲ್ಲಾದ್ರೂ ಒಳ್ಳೇ ರಿಪೇರಿಯವ್ನು ಅವ್ನಾ ನೋಡವ್ವ," ಎಂದರು.

ನನ್ನ ಅಪ್ಪ ಬಣ್ಣದ ಬೊಂಬೆ ಮಾಡುವ ಕೆಲಸದವರು. ಹಿತ್ತಲ ಶೆಡ್ಡಿನಲ್ಲಿ ಅವರ ಲೇತ್ ಮಿಷನ್ನು. ಹಾಲೆ ಮರದ ತುಂಡು ಗಿರಗಿರ ತಿರುಗುತ್ತಿದ್ದರೆ, ಉಳಿ ಹಿಡಿದು ಅದರಲ್ಲಿ ಬೊಂಬೆಯ ತಲೆ, ಬುಗುರಿ, ಬಟ್ಟಲು ತೆಗೆಯುತ್ತಿದ್ದರು. ನೆಲದ ಮೇಲೆ ಕಾಲು ಹೂತುಹೋಗುವಷ್ಟು ಮರದ ಹೊಟ್ಟು. ನಾನು ರೇಡಿಯೊವನ್ನು ಅಲ್ಲೇ ಹಲಗೆಯ ಮೇಲಿಟ್ಟು ಹಾಕಿದೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಎದುರಿಗೆ ಕೂತು ಮಾತಾಡಿದಂತೆ ಕೇಳಿತು. ರಿಪೇರಿಯವನು ಹೇಳಿದ್ದು ನಿಜವೇ, ಗಂಡನ ಊರಿನ ಗಾಳಿಯಲ್ಲೇ ಏನೋ ಇದೆ ಎಂದುಕೊಂಡೆ.

ಮಾರನೆಯ ದಿನ ಹಬ್ಬ. ಅಮ್ಮ ಶೆಡ್ಡಿನ ಹೊಟ್ಟನ್ನೆಲ್ಲ ಚೀಲಕ್ಕೆ ತುಂಬಿ, ನೆಲ ತೊಳೆದು, ಯಂತ್ರಕ್ಕೆ ಅರಿಸಿನ ಕುಂಕುಮ ಇಟ್ಟಿದ್ದಳು. ಒಣಗಿದ ಮೇಲೆ ನಾನು ಹೋಗಿ ರೇಡಿಯೊ ಹಾಕಿದೆ. ಹಗೇವು! ಅದೇ ರೇಡಿಯೊ, ಅದೇ ಹಲಗೆ, ಅದೇ ಹಗೇವಿನ ದನಿ. ಗಾಬರಿಯಿಂದ ಅಪ್ಪನನ್ನು ಕೂಗಿದೆ.

ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಹೊಟ್ಟು ಗುಡಿಸ್ಬುಟ್ಟವ್ಳಲ್ಲ ನಿಮ್ಮವ್ವ. ಬರೀ ನೆಲ ಆದ್ರೆ ಸದ್ದು ಗೋಡೆ ಗೋಡೆಗೂ ಹೊಡೀತದೆ. ಅದ್ಕೇ ನಾನು ದಿನಾ ಗುಡಿಸಾಕೆ ಬುಡಲ್ಲ. ಉಳಿ ಮರ ಕಚ್ತೋ, ಜಾರ್ತೋ ಅಂತ ಕಿವೀಲೇ ತಾನೆ ತಿಳಿಯೋದು? ಬರೀ ನೆಲದ ಮೇಲೆ ಎಲ್ಲಾ ಒಂದೇ ಥರಾ ಕೇಳ್ತದೆ," ಎಂದರು.

ಎಲ್ಲಾ ಒಂದೇ ಥರ ಕೇಳುತ್ತದೆ. ಅಲ್ಲೇ ತೊಳೆದ ನೆಲದ ಮೇಲೆ ಕೂತುಬಿಟ್ಟೆ. ತಿನ್ನುತ್ತಿದ್ದ ನಾಲ್ಕು ತಟ್ಟೆಯ ಸದ್ದು ಇಡೀ ನಡುಮನೆ ತುಂಬಿ, ಸುಮ್ಮನೆ ಕೂತ ತಟ್ಟೆಗಳೂ ತಿನ್ನುತ್ತಿವೆ ಎಂದು ಅತ್ತೆಗೆ ಕೇಳಿಸಿತ್ತು. ಅತ್ತೆಯ ಕಿವಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನನ್ನ ನೆಲದಿಂದ. ನೆಲವೊಂದರಿಂದಲೇ ಅಲ್ಲ, ಮೂಟೆ, ಚಾಪೆ, ಕಂಬಳಿಗಳನ್ನು ಹೊರಗೆಸೆದ ನನ್ನ ಜಂಭದಿಂದ.

ಊರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಒದ್ದಾಡಿದೆ. ಸತ್ಯ ಬರೆಯುತ್ತೇನೆ, ಎರಡು ದಿನ ಬಾಯಿ ಮುಚ್ಚಿಕೊಂಡೇ ಇದ್ದೆ, ರೇಡಿಯೊವನ್ನೂ ಚೀಲದಿಂದ ಹೊರತೆಗೆಯಲಿಲ್ಲ. ಆ ನೆಲಕ್ಕಾಗಿ ಅಷ್ಟು ಹಟ ಮಾಡಿದವಳು ನಾನು. ಒಂದು ಬೆಳೆ ತಿಪ್ಪೆ ಪಾಲಾಗಿದೆ. ಈಗ ಯಾವ ಬಾಯಲ್ಲಿ ಹೇಳಲಿ? ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅತ್ತೆಗೆ ಹೇಗೂ ವಯಸ್ಸಾಯಿತು. ಹೀಗೆಲ್ಲ ಯೋಚಿಸಿದ್ದೆ ಎಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರನೇ ದಿನ ಬೆಳಿಗ್ಗೆ ಅತ್ತೆ ಕೈಚೀಲಕ್ಕೆ ಸೀರೆ ತುಂಬುತ್ತಿದ್ದರು. ಗುಡೇಮಾರನಹಳ್ಳಿಯಲ್ಲಿ ಅವರ ಮಗಳ ಮನೆ. "ಇಲ್ಲಿ ನಂಗೇನ್ ಕೆಲ್ಸ ಐತೆ? ಮಗ್ಳ ಮನೇಲಿ ಒಸಿ ದಿನ ಇದ್ದು ಬತ್ತೀನಿ," ಎಂದರು. ಚೀಲ ನೋಡಿದರೆ ಒಸಿ ದಿನದ್ದಲ್ಲ. ಚಳಿಗಾಲದ ಕಂಬಳಿಯೂ ಅದರಲ್ಲಿತ್ತು. ಸಂಜೆಯ ಬಸ್ಸಿಗೆ ಹೊರಡುವುದೆಂದಾಗಿತ್ತು.

ನಾನು ಅಟ್ಟ ಹತ್ತಿದೆ. ಗೋಣಿಚೀಲಗಳನ್ನೆಲ್ಲ ಕೆಳಕ್ಕೆ ಎಸೆದೆ, ಅಂಗಳದಲ್ಲಿ ಕೊಡವಿ ಬಿಸಿಲಿಗೆ ಹರವಿದೆ. ದಬ್ಬಳಕ್ಕೆ ಸೆಣಬಿನ ದಾರ ಪೋಣಿಸಿ, ಒಂದಕ್ಕೊಂದು ಸೇರಿಸಿ ಹೊಲಿದೆ. ಮಧ್ಯಾಹ್ನದ ಹೊತ್ತಿಗೆ ಹೊತ್ತು ತಂದು, ಎಣ್ಣೆ ಹಚ್ಚಿ ಮಿನುಗಿಸಿದ್ದ ನನ್ನ ಕೆಂಪು ನೆಲದ ಮೇಲೆ ಗೋಡೆಯಿಂದ ಗೋಡೆಗೆ ಹಾಸಿದೆ. ರಾಗಿ ಮೂಟೆಗಳನ್ನು ಎಳೆದು ತಂದು ಮೂಲೆಗಳಿಗೆ ನಿಲ್ಲಿಸಿದೆ. ಹೊಲದಿಂದ ಬಂದ ಮಾವ ಹೊಸ್ತಿಲಲ್ಲೇ ನಿಂತು, "ಏನವ್ವ, ಹುಲ್ಲುಕಡ್ಡಿ ಬಿದ್ರೂ ಬೈತಿದ್ದೋಳು, ನೆಲಕ್ಕೇ ಗೋಣಿ ಹೊದಿಸ್ಬುಟ್ಟಿದ್ದೀಯ?" ಎಂದರು.

ನಾನು ರೇಡಿಯೊ ಹಾಕಿದೆ. ಕೃಷಿ ಕಾರ್ಯಕ್ರಮದಲ್ಲಿ ಯಾರೋ ಗೊಬ್ಬರದ ವಿಷಯ ಹೇಳುತ್ತಿದ್ದರು. ಮಾವ ಹತ್ತಿರ ಬಂದರು. "ಗಂಟ್ಲು ಬುಡ್ತಲ್ಲ ಇದು! ನಿಮ್ಮೂರ ರಿಪೇರಿಯವ್ನು ಗಟ್ಟಿಗ," ಎಂದರು.

"ಯಾರೂ ರಿಪೇರಿ ಮಾಡ್ಲಿಲ್ಲ ಮಾವ. ರೇಡಿಯೊ ಕೆಟ್ಟೇ ಇರ್ಲಿಲ್ಲ. ಅತ್ತೆ ಕಿವೀನೂ ಕೆಟ್ಟಿಲ್ಲ. ಕೆಟ್ಟಿದ್ದು ನಾನು ಹಾಕ್ಸಿದ ನೆಲ. ಆ ಬೆಳೆ ಹೋಗಿದ್ದು ನನ್ನಿಂದ," ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಪ್ಪನ ಶೆಡ್ಡಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಮಾವನವರಿಗೆ ನಂಬುವುದೋ ನಗುವುದೋ ತಿಳಿಯಲಿಲ್ಲ. ನಾನು ಜಗುಲಿಗೆ ಹೋಗಿ ಒಂದು ಕೈಯಲ್ಲಿ ಮಣೆಯನ್ನೂ ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆಯನ್ನೂ ಹಿಡಿದುಕೊಂಡು ಒಳಗೆ ಬಂದೆ. ಅವರು ಬರಲೊಲ್ಲರು. "ಬುಡವ್ವ, ಬಸ್ಸಿಗೆ ಹೊತ್ತಾಯ್ತದೆ," ಎಂದರು. ನಾನು ಬಿಡಲಿಲ್ಲ.

ಅವತ್ತೂ ಹುಳು ನಾಲ್ಕನೇ ಜ್ವರದ ಹೊಸ್ತಿಲಲ್ಲಿದ್ದವು. ಅತ್ತೆ ಕೂತರು. ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದರು. ಕಣ್ಣು ಮುಚ್ಚಿದರು. ಮೈದುನ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದ. ಎಷ್ಟು ಹೊತ್ತಾಯಿತೋ, ಅವರು ಕಣ್ಣು ಬಿಡದೆಯೇ, "ಕುಕ್ಕೆ ಕೆಳಗಿಕ್ಕೋ. ಸೊಪ್ಪು ಸಾಕು, ಸುಣ್ಣ ತಕ್ಕಂಡು ಬಾ," ಎಂದರು.

ಮೈದುನ ಗಡಿಯಾರ ನೋಡಿದ. "ಅವ್ವ, ಲೆಕ್ಕದ ಪ್ರಕಾರ ಇನ್ನೂ ಒಂದು ಸೊಪ್ಪು ಹಾಕ್ಬೇಕು. ಈಗ ನಿಲ್ಸಿ ಹಸ್ಕಂಡು ಸತ್ರೆ? ಒಂದು ಬೆಳೆ ಆಗ್ಲೇ ಹೋಗೈತೆ." ಅವನು ಒರಟಾಗಿ ಹೇಳಲಿಲ್ಲ. ಹೆದರಿಕೆಯಿಂದಲೇ ಹೇಳಿದ.

"ಕಿಟ್ಕಿ ಪಕ್ಕದ ಸ್ಟ್ಯಾಂಡಲ್ಲಿ ಮೇಲಿನ್ವು ಎರಡು ತಟ್ಟೆ ತಿಂತಾವೆ, ಅವೂ ಒಲ್ಲದ ಮನಸ್ಸಲ್ಲಿ. ಮಿಕ್ಕಿದ್ವೆಲ್ಲಾ ಕುಂತವೆ," ಎಂದರು ಅತ್ತೆ. ಎಲ್ಲರೂ ಮಾವನ ಮುಖ ನೋಡಿದೆವು. ಅತ್ತೆ ಮತ್ತೆ ತಪ್ಪಿದರೆ ಇನ್ನೆಂದೂ ಆ ಮಣೆ ನಡುಮನೆಗೆ ಬರುತ್ತಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾವ ರೇಡಿಯೊವನ್ನೊಮ್ಮೆ ನೋಡಿ, ಹೆಂಡತಿಯನ್ನೊಮ್ಮೆ ನೋಡಿ, ತಾವೇ ಹೋಗಿ ಸುಣ್ಣದ ಡಬ್ಬ ತಂದರು.

ಬೆಳಿಗ್ಗೆ ನಾನೇ ಎಲ್ಲರಿಗಿಂತ ಮೊದಲು ತಟ್ಟೆ ಎಳೆದೆ. ಬಿಳಿ ಸುಣ್ಣದ ನಡುವೆ ಹುಳುಗಳೆಲ್ಲ ತಲೆಯೆತ್ತಿಕೊಂಡು, ತೇವವಿಲ್ಲದೆ, ಸ್ವಚ್ಛವಾಗಿ, ಒಂದೇ ಸಮ ಕೂತಿದ್ದವು. ತಟ್ಟೆ ತಟ್ಟೆಯಲ್ಲೂ ಹಾಗೇ. ಒಂದೂ ಕೊಳೆತಿರಲಿಲ್ಲ. ಜ್ವರದಿಂದ ಎದ್ದದ್ದೂ ಒಟ್ಟಿಗೆ. ಗುಡೇಮಾರನಹಳ್ಳಿಗೆ ಹೊರಟಿದ್ದ ಕೈಚೀಲದಿಂದ ಕಂಬಳಿಯನ್ನು ನಾನೇ ತೆಗೆದು ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿದೆ. ಮೈದುನ ಗಡಿಯಾರ ಕಟ್ಟಿಕೊಳ್ಳುವುದನ್ನು ಬಿಡಲಿಲ್ಲ, ಆದರೆ ಗಂಟೆಯನ್ನು ಅತ್ತೆಗೆ ಹೇಳುವುದಕ್ಕೆ ಮಾತ್ರ ಬಳಸುತ್ತಿದ್ದ. ಆ ಬೆಳೆಯ ಗೂಡು ಕೈಯಲ್ಲಿ ಹಿಡಿದರೆ ಗೋಲಿಯ ಹಾಗೆ ಗಟ್ಟಿ.

ಗೂಡು ಬಿಡಿಸುವ ದಿನ ಅತ್ತೆ ನಾನು ಇಬ್ಬರೇ ಗೋಣಿಯ ಮೇಲೆ ಕಾಲು ಚಾಚಿ ಕೂತಿದ್ದೆವು. ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಯಿಂದ ಒಂದೊಂದೇ ಗೂಡು ಕಿತ್ತು ಕುಕ್ಕೆಗೆ ಹಾಕುತ್ತಿದ್ದೆವು. ನನಗೆ ಅಂದು ನನ್ನ ಬಗ್ಗೆಯೇ ಬಹಳ ಹೆಮ್ಮೆ. ತಪ್ಪೊಪ್ಪಿಕೊಂಡೆ, ಬೆಳೆ ಉಳಿಸಿದೆ, ಅತ್ತೆಗೆ ಅವರ ಜಾಗ ಕೊಡಿಸಿದೆ ಎಂಬ ಗತ್ತು. "ಅತ್ತೆ, ನಿಮ್ಮ ಕಿವೀನ ವಾಪಸ್ ತಂದುಕೊಟ್ಟೋಳು ನಾನು. ನಂಗೇನು ಕೊಡ್ತೀರಿ?" ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ನನ್ ಕಿವಿ ಎಲ್ಲಿ ಹೋಗಿತ್ತವ್ವ ವಾಪಸ್ ಬರಾಕೆ?"

ನಾನು ನಕ್ಕೆ. ಅವರು ನಗಲಿಲ್ಲ. "ತಿಪ್ಪೆಗೆ ಹುಳ ಸುರಿದ್ವಲ್ಲ, ಅವತ್ತೇ ಗೊತ್ತಾಯ್ತು ನಂಗೆ, ಇದು ನೆಲದ ಕೆಲ್ಸ ಅಂತ. ಮಣೆ ಎಳೆದ್ರೆ ಸದ್ದು ಸುತ್ಕಂಡು ಬತ್ತಿತ್ತು. ಅಷ್ಟೂ ತಿಳಿಯಾಕಿಲ್ವಾ?"

"ಮತ್ತೆ ಕಿವಿ ಹೋಯ್ತು ಅಂತ ಯಾಕಂದ್ರಿ?"

"ಇನ್ನೇನ್ ಅನ್ಲಿ? ಸೊಸೆ ಹಾಕ್ಸಿದ ನೆಲದಿಂದ ಬೆಳೆ ಹೋಯ್ತು ಅಂತ ಊರ ಬಾಯಿಗೆ ಬಿದ್ರೆ, ನಿನ್ ಕಾಲ್ಗುಣ ಅಂತಾರೆ. ಆ ಮಾತು ಒಂದ್ಸಲ ಅಂಟ್ಕಂಡ್ರೆ ನೀನು ಸಾಯೋಗಂಟ ಬುಡಾಕಿಲ್ಲ. ಮುದುಕಿ ಕಿವಿ ಹೋಯ್ತು ಅಂದ್ರೆ ಯಾರೂ ಯಾರ್ನೂ ಬೈಯಲ್ಲ. ನಾನೂ ಸುಮ್ನೆ ಕುಂತಿರ್ನಿಲ್ಲ, ನೀವು ತ್ವಾಟಕ್ಕೆ ಹೋದಾಗ ತಟ್ಟೆ ತಟ್ಟೆ ನೋಡಿ ಬತ್ತಿದ್ದೆ. ಆಮೇಲಾಮೇಲೆ ಹೊರಗೆ ಕುಂತು ಕುಂತು ಬೇಜಾರಾಗಿ ಮಗ್ಳ ಮನೇಗೆ ಹೊಂಟೆ, ಅಷ್ಟೇಯ."

ನನ್ನ ಕೈಯಲ್ಲಿದ್ದ ಗೂಡು ಕೈಯಲ್ಲೇ ಉಳಿಯಿತು. "ಒಂದು ಚಾಪೆ ಹಾಸು ಅಂತ ನಂಗೊಬ್ಳಿಗೆ ಹೇಳಿದ್ರೆ ಸಾಕಾಗಿತ್ತಲ್ಲ ಅತ್ತೆ," ಎಂದೆ.

"ಹೆಂಗ್ ಹೇಳ್ಲವ್ವ? ಈ ಮನೇಗೆ ಬಂದ್ಮೇಲೆ ನೀನು ಬಾಯ್ತುಂಬಾ ನಕ್ಕಿದ್ದ ನಾ ನೋಡಿದ್ದು ಆ ನೆಲ ಒಣಗಿದ ದಿನ ಒಂದೇಯ."

ಇಷ್ಟು ಹೇಳಿ ಅವರು ಇನ್ನೊಂದು ಚಂದ್ರಿಕೆ ಹತ್ತಿರಕ್ಕೆಳೆದುಕೊಂಡರು. ಮೂರು ಬೆಳೆಯ ಕಾಲ ಗಂಡ, ಮಗ, ಊರವರು, ಕೊನೆಗೆ ನಾನೂ ಅವರ ಮುಖದ ಮುಂದೆ ನಿಂತು ಕಿರುಚಿದ್ದೆವು, ಅವರು ಅದನ್ನೆಲ್ಲ ಚೆನ್ನಾಗಿ ಕೇಳಿಸಿಕೊಳ್ಳುತ್ತಾ ಜಗುಲಿಯಲ್ಲಿ ಕೂತಿದ್ದರು. ನನ್ನ ಹೆತ್ತಮ್ಮ ನನ್ನನ್ನು ತುಂಬಾ ಪ್ರೀತಿಸಿದವಳೇ. ಆದರೂ ನನ್ನ ಒಂದು ದಿನದ ನಗುವಿಗೋಸ್ಕರ ಅಷ್ಟು ತಿಂಗಳು ಕಿವುಡಿ ಎನ್ನಿಸಿಕೊಂಡು ಕೂರುತ್ತಿದ್ದಳು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.